ಮದ್ದಿನ ಮಾತು: ಸಕ್ಕರೆ ಅಚ್ಚಿನಂಥ ಸೂಜಿ

ಹೋದ ತಿಂಗಳ ಅಂಕಣದ ಕೊನೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. "ಸಕ್ಕರೆ, ಪಾಲಿಮರ್ ಬೆರೆಸಿ ಮಾಡಿದ, ಚರ್ಮದಲ್ಲೇ ಕರಗಿಹೋಗುವ ಸೂಜಿಗಳು ಬರುತ್ತಿವೆ, ಅದನ್ನು ಇನ್ನೊಮ್ಮೆ ನೋಡೋಣ" ಅಂತ. ಅಷ್ಟಕ್ಕೇ ಇಷ್ಟೊಂದು ಕಾಗದ! ಮಂಡಿನೋವಿನ ಬಗ್ಗೆ ನಾಲ್ಕು ಪುಟ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಇಂಜೆಕ್ಷನ್ ಕಂಡರೆ ನಮಗೆಲ್ಲ ಎಷ್ಟು ಭಯ ಅಂತ ಇದರಲ್ಲೇ ತಿಳಿಯುತ್ತದೆ, ಅಲ್ವಾ? ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಫಾರ್ಮಸಿ ಕಾಲೇಜಿನಲ್ಲಿ ಮಾತ್ರೆ, ಮುಲಾಮು, ಸಿರಪ್ ಮಾಡುವುದನ್ನು ಕಲಿಸಿದವಳು. ಯಾವ ಕಾಯಿಲೆಗೆ ಯಾವ ಮದ್ದು ಅಂತ ನನ್ನನ್ನು ಕೇಳಬೇಡಿ. ಮದ್ದು ಮೈಯೊಳಗೆ ಹೇಗೆ ಹೋಗುತ್ತದೆ ಅಂತ ಕೇಳಿ, ಹೇಳುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ತಿಂಗಳು. ಮುಂದಿನ ವಾರ ದಡಾರ-ರುಬೆಲ್ಲಾ ಲಸಿಕೆ ಇದೆ. ಕಳೆದ ಸಲ ಇಂಜೆಕ್ಷನ್ ಹಾಕಿದಾಗ ಅತ್ತು ಅತ್ತು ಸುಸ್ತಾಗಿದ್ದಳು. ಅಂಟಿಸುವ ಲಸಿಕೆ ಬರುತ್ತದಂತಲ್ಲ, ಅಲ್ಲಿಯ ತನಕ ಕಾಯಬಹುದಾ?
(ತುಮಕೂರಿನ ಒಬ್ಬ ತಾಯಿ)

ಕಾಯಬೇಡಿ ತಾಯಿ. ಮುಂದಿನ ವಾರವೇ ಹೋಗಿ ಹಾಕಿಸಿಬಿಡಿ. ಅಂಟಿಸುವ ಪಟ್ಟಿ ಬರಲಿ ಅಂತ ದಡಾರ ಕಾಯುವುದಿಲ್ಲ. ಹಾಕಿಸಿಕೊಂಡು ಬಂದ ಮೇಲೆ ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಕೇಳಿದ ವಸ್ತು ನೋಡಲು ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ತುಂಡಿನ ಹಾಗಿರುತ್ತದೆ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ನೂರು, ಕೆಲವದರಲ್ಲಿ ಇನ್ನೂ ಜಾಸ್ತಿ ಮುಳ್ಳುಗಳು. ಒಂದೊಂದೂ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರ. ಬರಿಗಣ್ಣಿಗೆ ಮುಳ್ಳು ಅಂತ ಅನಿಸುವುದೇ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಸಕ್ಕರೆ ಉದುರಿಸಿದ ಹಾಗೆ ಮಿನುಗುತ್ತದೆ. ಮುಳ್ಳು ಮಾಡಿರುವುದು ನೀರಿನಲ್ಲಿ ಕರಗುವ ಪಾಲಿಮರಿನಿಂದ, ಅಂದರೆ ಸಣ್ಣ ಅಣುಗಳು ಮಣಿಸರದ ಹಾಗೆ ಉದ್ದಕ್ಕೆ ಪೋಣಿಸಿಕೊಂಡ ವಸ್ತುವಿನಿಂದ. ಮದ್ದು ಅದರೊಳಗೇ ಬೆರೆತಿರುತ್ತದೆ. ಒತ್ತಿದರೆ ಚರ್ಮಕ್ಕೆ ಇಳಿಯುತ್ತದೆ, ಅಲ್ಲಿನ ಪಸೆಗೆ ಕರಗುತ್ತದೆ. ಆಮೇಲೆ ಕಿತ್ತಾಗ ಕೈಗೆ ಬರುವುದು ಬರೀ ಹಿಂಬದಿಯ ಪಟ್ಟಿ.

ನೋವಾಗುವುದಿಲ್ಲವೇ? ಚರ್ಮದ ತೀರಾ ಮೇಲಿನ ಪದರ, ಸತ್ತ ಕೋಶಗಳ ಹೊದಿಕೆ, 10ರಿಂದ 20 ಮೈಕ್ರಾನ್ ದಪ್ಪ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಬರೆಯುವ ಕಾಗದದ ಒಂದು ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ. ಅಂದರೆ ಹೆಚ್ಚೆಂದರೆ ಹಾಳೆಯ ಐದನೇ ಒಂದು ಪಾಲಿನಷ್ಟು ದಪ್ಪದ ಹೊದಿಕೆ ನಮ್ಮನ್ನು ಹೊರಗಿನ ಪ್ರಪಂಚದಿಂದ ಕಾಯುತ್ತಿದೆ. ನೋವು ತಿಳಿಸುವ ನರಗಳು ಹೆಚ್ಚಾಗಿ ಇದಕ್ಕಿಂತ ಕೆಳಗಿವೆ. ಮಾಮೂಲಿ ಇಂಜೆಕ್ಷನ್ ಸೂಜಿ ಅದನ್ನೆಲ್ಲ ದಾಟಿ ಒಂದಿಂಚು ಆಳಕ್ಕೂ ಹೋಗಬಹುದು. ಪಟ್ಟಿಯ ಮುಳ್ಳು ಆರೇಳು ಹಾಳೆ ಕಾಗದದಷ್ಟು ಇಳಿದು ನಿಲ್ಲುತ್ತದೆ. ಮದ್ದಿಲ್ಲದ ಖಾಲಿ ಪಟ್ಟಿಯನ್ನು ನಾನೇ ಒಮ್ಮೆ ಮುಂಗೈಗೆ ಒತ್ತಿಕೊಂಡಿದ್ದೇನೆ. ಬೆಕ್ಕು ನೆಕ್ಕಿದ ಹಾಗಾಯಿತು. ಆ ಒರಟು ನಾಲಿಗೆ ಗೊತ್ತಲ್ಲ, ಅಷ್ಟೇ. ಸಾಲು ಸಾಲಾಗಿ ಕೆಂಪು ಚುಕ್ಕೆ ಮೂಡಿ, ಸಂಜೆ ಹೊತ್ತಿಗೆ ಮಾಯವಾಯಿತು.

ನಿಮ್ಮ ಮಗಳ ವಯಸ್ಸಿನ ಮಕ್ಕಳ ಮೇಲೆ ಇದೇ ಲಸಿಕೆಯನ್ನು ಪಟ್ಟಿಯಲ್ಲಿ ಹಾಕಿ ನೋಡಿದ್ದಾರೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ. ಮೊದಲು 45 ದೊಡ್ಡವರು, ಆಮೇಲೆ ಒಂದೂಕಾಲು-ಒಂದೂವರೆ ವರ್ಷದ 120 ಮಕ್ಕಳು, ಕೊನೆಗೆ ಒಂಬತ್ತು-ಹತ್ತು ತಿಂಗಳ 120 ಕೂಸುಗಳು. ಮಣಿಕಟ್ಟಿಗೆ ಅಂಟಿಸಿ ಐದು ನಿಮಿಷ ಬಿಟ್ಟು ತೆಗೆದರು. ಕೂಸುಗಳಲ್ಲಿ ದಡಾರಕ್ಕೆ ರಕ್ಷಣೆ ಬಂದದ್ದು ಪಟ್ಟಿ ಹಾಕಿದವರಲ್ಲಿ ನೂರಕ್ಕೆ 93, ಇಂಜೆಕ್ಷನ್ ಹಾಕಿದವರಲ್ಲಿ 90. ರುಬೆಲ್ಲಾಕ್ಕೆ ಎರಡರಲ್ಲೂ ನೂರಕ್ಕೆ ನೂರು. ಪಟ್ಟಿ ಹಾಕಿದ ಜಾಗ ಸ್ವಲ್ಪ ಗಟ್ಟಿಯಾಗುವುದು, ಬಣ್ಣ ಬದಲಾಗುವುದು ಇತ್ತು. ಅದು ಬಿಟ್ಟರೆ ದೊಡ್ಡ ತೊಂದರೆ ಕಾಣಲಿಲ್ಲ. ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಪಟ್ಟಿಯೊಳಗಿದ್ದ ಲಸಿಕೆ ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನದು ಅನ್ನುವುದು ನನಗೆ ಖುಷಿ ಕೊಟ್ಟ ಸಂಗತಿ. ಆದರೆ ಇದಕ್ಕಿಂತ ದೊಡ್ಡ ಪರೀಕ್ಷೆಗಳು ಆಗಬೇಕು. ಅಲ್ಲಿಯ ತನಕ ನಮಗೆ ಸೂಜಿಯೇ ಗತಿ.

ಪ್ರಶ್ನೆ: ಬಿ.ಫಾರ್ಮ ಕೊನೆ ವರ್ಷದ ಪ್ರಾಜೆಕ್ಟಿಗೆ ಕರಗುವ ಸೂಜಿ ಆರಿಸಿಕೊಂಡಿದ್ದೇನೆ. ನಮ್ಮ ಕಾಲೇಜಿನಲ್ಲಿ ದೊಡ್ಡ ಯಂತ್ರಗಳಿಲ್ಲ. ಮಾಡಲು ಆಗುತ್ತದಾ ಮೇಡಂ? ಸ್ಟೀಲ್ ಬಿಟ್ಟು ಪಾಲಿಮರೇ ಯಾಕೆ?
(ಹುಬ್ಬಳ್ಳಿಯ ವಿದ್ಯಾರ್ಥಿ)

ನಿಮ್ಮ ಮನೆಯಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಾರಾ? ನಮ್ಮ ಮೈಸೂರು ಕಡೆ ಮಾಡುತ್ತೇವೆ. ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಎರಡು ಭಾಗ ಜೋಡಿಸಿ ದಾರ ಕಟ್ಟಿ, ಬಿಸಿ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚುವುದು. ಹದ ತಪ್ಪಿದರೆ ಏನಾಗುತ್ತದೆ? ಗಿಳಿ ಬರುತ್ತದೆ, ಕೊಕ್ಕು ಬರುವುದಿಲ್ಲ. ಪಾಕ ಆ ಸಣ್ಣ ಮೂಲೆಗೆ ಇಳಿಯುವ ಮೊದಲೇ ಗಟ್ಟಿಯಾಗಿರುತ್ತದೆ, ಇಲ್ಲ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಮ್ಮ ಇಡೀ ಪ್ರಾಜೆಕ್ಟ್ ಈ ಕೊಕ್ಕಿನ ಸಮಸ್ಯೆಯೇ.

ನಿವೃತ್ತಿಗೆ ಎರಡು ವರ್ಷ ಮುಂಚೆ ನಾನೂ ನನ್ನ ಮೂವರು ವಿದ್ಯಾರ್ಥಿನಿಯರೂ ಇದನ್ನು ಮಾಡಿ ನೋಡಿದೆವು. ಸೂಜಿ ಆಕಾರದ ಗುಳಿಗಳಿರುವ ಸಿಲಿಕೋನ್ ರಬ್ಬರಿನ ಅಚ್ಚನ್ನು ಹೊರಗಿನಿಂದ ತರಿಸಿದೆವು. ಪಾಲಿವಿನೈಲ್ ಆಲ್ಕೋಹಾಲ್ ಅನ್ನುವ ನೀರಿನಲ್ಲಿ ಕರಗುವ ಪಾಲಿಮರ್ ಮತ್ತು ಸಕ್ಕರೆಯ ದ್ರಾವಣ, ಅದಕ್ಕೆ ಮದ್ದಿನ ಬದಲು ಒಂದು ನೀಲಿ ಬಣ್ಣ. ಹೊಯ್ದು ರಾತ್ರಿಯೆಲ್ಲ ಒಣಗಲು ಬಿಟ್ಟು, ಬೆಳಿಗ್ಗೆ ಟೇಪ್ ಅಂಟಿಸಿ ಎಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೂರು ಸೂಜಿಗೂ ತುದಿ ಇಲ್ಲ! ಸಾಲಾಗಿ ನಿಲ್ಲಿಸಿದ ಮೊಂಡು ಪೆನ್ಸಿಲ್ ಹಾಗೆ. ಒಂದೊಂದು ಗುಳಿಯ ತಳದಲ್ಲೂ ಗಾಳಿಗುಳ್ಳೆ ಕೂತಿತ್ತು. ಒಬ್ಬಳು ಹುಡುಗಿ ಅಚ್ಚನ್ನೇ ಸೆಂಟ್ರಿಫ್ಯೂಜಿನಲ್ಲಿಟ್ಟು ತಿರುಗಿಸೋಣ ಅಂದಳು. ರಕ್ತ ಪರೀಕ್ಷೆ ಲ್ಯಾಬಿನಲ್ಲಿರುತ್ತದಲ್ಲ, ಆ ಗಿರಗಿರ ತಿರುಗುವ ಯಂತ್ರ. ತಿರುಗಿಸಿದರೆ ದ್ರಾವಣ ತಳಕ್ಕೆ ಇಳಿಯಿತು, ಗಾಳಿ ಮೇಲೆ ಬಂತು, ಕೊಕ್ಕು ಮೂಡಿತು. ನಿಮ್ಮಲ್ಲಿ ವ್ಯಾಕ್ಯೂಮ್ ಡೆಸಿಕೇಟರ್ ಇದ್ದರೂ ಸಾಕು, ಅದೂ ಗಾಳಿ ಎಳೆಯುತ್ತದೆ. ದೊಡ್ಡ ಯಂತ್ರ ಬೇಕಿಲ್ಲ, ದೊಡ್ಡ ತಾಳ್ಮೆ ಬೇಕು.

ಸಕ್ಕರೆ ಅಚ್ಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಮರೆಯಬೇಡಿ. ಪಾಕ ಕುದಿಸಬಹುದು, ಲಸಿಕೆ, ಇನ್ಸುಲಿನ್ ಕುದಿಸುವ ಹಾಗಿಲ್ಲ. ತಣ್ಣಗೆ ಹೊಯ್ದು ತಣ್ಣಗೇ ಒಣಗಿಸಬೇಕು. ಇನ್ನೊಂದು, ಮದ್ದು ತುದಿಯಲ್ಲಿ ಮಾತ್ರ ಇರಬೇಕು. ಮೊದಲು ಮದ್ದಿನ ದ್ರಾವಣ ಹೊಯ್ದು, ಮೇಲೆ ಉಳಿದದ್ದನ್ನು ಒರೆಸಿ ತೆಗೆದು, ಆಮೇಲೆ ಬರೀ ಪಾಲಿಮರಿನ ಎರಡನೇ ಪದರ ಹೊಯ್ಯಿರಿ. ಇಲ್ಲದಿದ್ದರೆ ಅರ್ಧ ಮದ್ದು ಪಟ್ಟಿಯ ಬೆನ್ನಿನಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ.

ಗಟ್ಟಿ ಇದೆಯೋ ಇಲ್ಲವೋ ನೋಡಲು ಪ್ಯಾರಾಫಿಲ್ಮ್, ಅಂದರೆ ಲ್ಯಾಬಿನಲ್ಲಿ ಬಳಸುವ ಮೇಣದಂಥ ತೆಳು ಹಾಳೆ, ತೆಗೆದುಕೊಳ್ಳಿ. ಎಂಟು ಪದರ ಮಡಿಸಿದರೆ ಸುಮಾರು ಒಂದು ಮಿಲಿಮೀಟರ್. ಹೆಬ್ಬೆರಳಿಂದ ಒತ್ತಿ, ಬಿಡಿಸಿ, ಎಷ್ಟನೇ ಪದರದ ತನಕ ತೂತು ಬಿದ್ದಿದೆ ಎಣಿಸಿ. ಸೂಜಿ ತೀರಾ ತೆಳ್ಳಗಿದ್ದರೆ ಬಾಗುತ್ತದೆ, ದಪ್ಪಗಿದ್ದರೆ ಇಳಿಯುವುದಿಲ್ಲ. ಒತ್ತೊತ್ತಾಗಿ ಇಟ್ಟರೂ ಇಳಿಯುವುದಿಲ್ಲ. ಜಾತ್ರೆಯಲ್ಲಿ ಮೊಳೆ ಹಾಸಿಗೆ ಮೇಲೆ ಮಲಗಿದವನಿಗೆ ಏನೂ ಆಗುವುದಿಲ್ಲವಲ್ಲ, ಅದೇ ಲೆಕ್ಕ.

ನಮ್ಮ ಚೆಂದದ ಸೂಜಿಗಳನ್ನು ಖುಷಿಯಲ್ಲಿ ಡಬ್ಬಿಯ ಮುಚ್ಚಳ ಹಾಕದೆ ಮೇಜಿನ ಮೇಲೆ ಬಿಟ್ಟಿದ್ದೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ನಾಲ್ಕು ದಿನ ಬಿಟ್ಟು ನೋಡಿದರೆ ಮೆತ್ತಗಾದ ಹಪ್ಪಳ. ಒಂದೂ ಪದರ ತೂತಾಗಲಿಲ್ಲ. ಅದಕ್ಕೇ ಇವನ್ನೆಲ್ಲ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಹಾಗೆ ಪ್ಯಾಕ್ ಮಾಡುವುದು.

ಸ್ಟೀಲ್ ಯಾಕಲ್ಲ ಅಂದಿರಿ. ಈ ಯೋಚನೆಗೆ ಅಮೆರಿಕದ ಆಲ್ಝಾ ಕಂಪನಿಯವರು 1976ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಅಷ್ಟು ಸಣ್ಣ ಸೂಜಿ ಮಾಡುವ ಉಪಕರಣ ಆಗ ಇರಲಿಲ್ಲ. 1998ರಲ್ಲಿ ಅಟ್ಲಾಂಟದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಪ್ರೌಸ್ನಿಟ್ಜ್ ತಂಡ ಕಂಪ್ಯೂಟರ್ ಚಿಪ್ ಕೆತ್ತುವ ವಿಧಾನದಲ್ಲೇ ಸಿಲಿಕಾನ್ ಸೂಜಿಗಳನ್ನು ಮಾಡಿ ತೋರಿಸಿತು. ಉದ್ದ ಬರೀ 150 ಮೈಕ್ರಾನ್. ಸಿಲಿಕಾನ್ ಗಾಜಿನ ಹಾಗೆ ಒಡೆಯುವಂಥದು, ಮುರಿದರೆ ಚೂರು ಚರ್ಮದಲ್ಲಿ ಉಳಿಯಬಹುದು. ಸ್ಟೀಲ್ ಮುರಿಯುವುದಿಲ್ಲ, ಆದರೆ ಕಿತ್ತ ಮೇಲೂ ಚುಚ್ಚುತ್ತದೆ. ಪಾಲಿಮರ್ ಕರಗಿಹೋಗುತ್ತದೆ, ಅಚ್ಚಿನಲ್ಲಿ ಅಗ್ಗಕ್ಕೆ ಬರುತ್ತದೆ, ಕರಗುವ ವೇಗವನ್ನೂ ನಾವೇ ಆರಿಸಬಹುದು. ನಮ್ಮ ಮೈಯಲ್ಲೇ ಇರುವ ಹಯಲುರಾನಿಕ್ ಆಮ್ಲ ನಿಮಿಷಗಳಲ್ಲಿ ಕರಗುತ್ತದೆ. ಕರಗುವ ಹೊಲಿಗೆ ದಾರದ ಪಿಎಲ್‌ಜಿಎ ಅನ್ನುವ ಪಾಲಿಮರ್ ಹಾಕಿದರೆ ಮದ್ದು ವಾರಗಟ್ಟಲೆ ಜಿನುಗುತ್ತದೆ. ಬೆಲ್‌ಫಾಸ್ಟಿನಲ್ಲಿ ರಯಾನ್ ಡಾನೆಲಿ ಅವರ ಗುಂಪು ಕರಗದೆ ಬರೀ ಊದಿಕೊಳ್ಳುವ ಸೂಜಿ ಮಾಡಿದೆ. ಮದ್ದು ಬೆನ್ನಿನ ಪಟ್ಟಿಯಲ್ಲಿರುತ್ತದೆ, ಊದಿದ ಸೂಜಿ ಬತ್ತಿಯ ಹಾಗೆ ಅದನ್ನು ಒಳಗೆ ಇಳಿಸುತ್ತದೆ.

ಯಾವ ಮದ್ದು ಆರಿಸಿಕೊಳ್ಳುತ್ತೀರಿ ಅಂತ ನೀವು ಬರೆದಿಲ್ಲ. ಪ್ಯಾರಸಿಟಮಾಲ್ ಅಂತ ಮಾತ್ರ ಹೇಳಬೇಡಿ. ಉಗುರಿನಷ್ಟು ಪಟ್ಟಿಯ ಸೂಜಿಗಳಲ್ಲಿ ಹೆಚ್ಚೆಂದರೆ ಒಂದು ಮಿಲಿಗ್ರಾಂ ಆಸುಪಾಸು ಮದ್ದು ಹಿಡಿಯುತ್ತದೆ. ಒಂದು ಜ್ವರದ ಮಾತ್ರೆ 500 ಮಿಲಿಗ್ರಾಂ. ಮೈತುಂಬ ಪಟ್ಟಿ ಅಂಟಿಸಿಕೊಳ್ಳಬೇಕಾದೀತು. ಸೂಜಿ ಹೇಗೆ ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಹಿಡಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ವೈವಾದಲ್ಲಿ ನಾನಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಪ್ರಶ್ನೆ: ನಾನು ಎಎನ್‌ಎಂ. ಏಪ್ರಿಲ್ ಬಿಸಿಲಿನಲ್ಲಿ ವ್ಯಾಕ್ಸಿನ್ ಕ್ಯಾರಿಯರ್ ಹೊತ್ತುಕೊಂಡು ತಾಂಡಾಗಳಿಗೆ ಹೋಗುತ್ತೇನೆ. ಈ ಪಟ್ಟಿಗೆ ಐಸ್ ಪ್ಯಾಕ್ ಬೇಡವೇ? ನಮ್ಮ ಕೆಲಸ ಸುಲಭ ಆಗುತ್ತದಾ?
(ಯಾದಗಿರಿ ಜಿಲ್ಲೆಯಿಂದ)

ಸಿಸ್ಟರ್, ಈ ಪಟ್ಟಿಯಿಂದ ಹೆಚ್ಚು ಲಾಭ ಆಗುವುದು ನಿಮಗೇ ಅಂತ ನನ್ನ ಎಣಿಕೆ.

ಸಂಡಿಗೆ ಹಿಟ್ಟು ಒಂದು ದಿನ ಬಿಟ್ಟರೆ ಹುಳಿಯಾಗುತ್ತದೆ. ಒಣಗಿಸಿ ಸಂಡಿಗೆ ಮಾಡಿದರೆ ವರ್ಷ ಇರುತ್ತದೆ. ಒಣಗಿದ ಪಾಲಿಮರ್, ಸಕ್ಕರೆಯ ನಡುವೆ ಸಿಕ್ಕಿಕೊಂಡ ಲಸಿಕೆಯೂ ಹಾಗೆಯೇ, ಅಲುಗಾಡದೆ ಕೂತಿರುತ್ತದೆ. 2015ರಲ್ಲಿ ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದಲ್ಲಿ ಫ್ಲೂ ಲಸಿಕೆಯ ಪಟ್ಟಿಯನ್ನು 100 ಜನರ ಮೇಲೆ ಪರೀಕ್ಷೆ ಮಾಡಿದರು. ಆ ಪಟ್ಟಿಯನ್ನು 40 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಇಟ್ಟರೂ ಲಸಿಕೆಯ ಶಕ್ತಿ ಉಳಿದಿತ್ತು. ದಡಾರ-ರುಬೆಲ್ಲಾದ್ದು ಜೀವಂತ ವೈರಸ್, ಇನ್ನೂ ನಾಜೂಕು. ಹಾಗಾಗಿ ಫ್ರಿಜ್ ಪೂರ್ತಿ ಬೇಡವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಕೊನೆಯ ದಿನದ ಆ ಬಿಸಿಲು ದಾರಿಗೆ ತಡೆದುಕೊಂಡರೂ ಎಷ್ಟೋ ಆಯಿತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ವಯಲ್ ವಿಷಯ, ಅಂದರೆ ಹಲವು ಮಕ್ಕಳಿಗಾಗುವ ಲಸಿಕೆ ಇರುವ ಆ ಸಣ್ಣ ಸೀಸೆ. ಎರಡು ಮಕ್ಕಳು ಮಾತ್ರ ಬಂದಾಗ ದಡಾರದ ವಯಲ್ ಒಡೆಯುವುದೋ ಬೇಡವೋ ಅಂತ ನೀವು ಯೋಚನೆ ಮಾಡುತ್ತಾ ಕೂರುವುದು ನನಗೆ ಗೊತ್ತು. ಲಸಿಕೆಯ ಪುಡಿ ಕರಗಿಸುವ ನೀರು, ಡೈಲ್ಯುಯೆಂಟ್, ಬೆರೆಸಿದರೆ ನಾಲ್ಕು ಗಂಟೆ, ಆಮೇಲೆ ಉಳಿದದ್ದು ಚೆಲ್ಲಬೇಕು. ಪಟ್ಟಿಯಲ್ಲಿ ಬೆರೆಸುವುದೇ ಇಲ್ಲ. ಒಂದು ಮಗುವಿಗೆ ಒಂದು ಪಟ್ಟಿ. ಬಳಸಿದ ಸೂಜಿ ಕತ್ತರಿಸುವ ಹಬ್ ಕಟರ್ ಬೇಡ, ಕೈಗೆ ಚುಚ್ಚಿಕೊಳ್ಳುವ ಭಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಬಡ ದೇಶಗಳಿಗೆ ಲಸಿಕೆ ಒದಗಿಸುವ ಗಾವಿ ಎಲ್ಲ ಸೇರಿ 2020ರಲ್ಲಿ ಲಸಿಕೆಯ ಹೊಸ ಉಪಾಯಗಳನ್ನು ತೂಗಿ ನೋಡಿ, ಈ ಪಟ್ಟಿಗೇ ಮೊದಲ ಆದ್ಯತೆ ಕೊಟ್ಟದ್ದು ಇಂಥ ಕಾರಣಗಳಿಗೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯ ಮೊದಲ ಸಾಲಿನಲ್ಲೇ ಇತ್ತು. ಶಾಲೆ ಶಾಲೆಗೂ ಹೋಗಿ ಚುಚ್ಚಿದಿರಿ. ಆಗ ಪಟ್ಟಿ ಇದ್ದಿದ್ದರೆ ಎಷ್ಟು ಸುಲಭ ಇತ್ತು!

ಚರ್ಮಕ್ಕೆ ಕೊಡುವ ಲಸಿಕೆ ನಿಮಗೆ ಹೊಸದೂ ಅಲ್ಲ. ಕ್ಷಯದ ಲಸಿಕೆ ಬಿಸಿಜಿ ಹಾಕಿದಾಗ ಏಳುವ ಆ ಸಣ್ಣ ಗುಳ್ಳೆ ಇದೇ ಲೆಕ್ಕ. ಪೋಲಿಯೋದ ಇಂಜೆಕ್ಷನ್ ಲಸಿಕೆ ಐಪಿವಿಯನ್ನೂ ಅರ್ಧ ಎಂಎಲ್ ಬದಲು 0.1 ಎಂಎಲ್ ಚರ್ಮಕ್ಕೆ ಕೊಡುತ್ತೀರಿ. ಐದನೇ ಒಂದು ಪಾಲಿನಲ್ಲೇ ಕೆಲಸ ಆಗುತ್ತದೆ. ಚರ್ಮದಲ್ಲಿ ಕಾವಲು ಕೋಶಗಳು ತುಂಬಿವೆ. ಅವುಗಳಲ್ಲಿ ಒಂದು ಬಗೆಯನ್ನು 1868ರಲ್ಲಿ ಗುರುತಿಸಿದವನು ಪಾಲ್ ಲ್ಯಾಂಗರ್‌ಹಾನ್ಸ್, ಆಗಿನ್ನೂ ಬರ್ಲಿನ್ನಿನಲ್ಲಿ ಮೆಡಿಕಲ್ ವಿದ್ಯಾರ್ಥಿ. ಲಸಿಕೆಗೆ ಮೈಕ್ರೋಗ್ರಾಂ ಲೆಕ್ಕದ ಮದ್ದು ಸಾಕು, ಚರ್ಮ ಅದಕ್ಕೆ ಒಳ್ಳೆಯ ಜಾಗ. ಅದಕ್ಕೇ ಪಟ್ಟಿಗೂ ಲಸಿಕೆಗೂ ಜೋಡಿ ಕೂಡಿಬಂದದ್ದು.

ತೊಂದರೆಯೂ ಇದೆ. ಸಿರಿಂಜಿನಲ್ಲಿ ಪಿಸ್ಟನ್ ತಳ ಮುಟ್ಟಿದರೆ ಮದ್ದು ಹೋಯಿತು ಅಂತ ಖಾತ್ರಿ. ಪಟ್ಟಿ ಸರಿಯಾಗಿ ಒತ್ತಿತೋ ಇಲ್ಲವೋ ಹೇಗೆ ತಿಳಿಯುವುದು? ಸಾಕಷ್ಟು ಒತ್ತಿದಾಗ 'ಟಿಕ್' ಅನ್ನುವ ಬಿಲ್ಲೆ ಇಟ್ಟು ನೋಡುತ್ತಿದ್ದಾರೆ. ಇನ್ನು, ಒದ್ದಾಡುವ ಕೂಸಿನ ಕೈಯನ್ನು ಐದು ನಿಮಿಷ ಹಿಡಿದು ಕೂರುವ ಕಷ್ಟ ನಿಮಗೂ ತಾಯಂದಿರಿಗೂ ಬಿಟ್ಟದ್ದು.

ಪ್ರಶ್ನೆ: ವಯಸ್ಸು 62. ಬೆಳಿಗ್ಗೆ 24, ರಾತ್ರಿ 16 ಯೂನಿಟ್ ಇನ್ಸುಲಿನ್. ಹೊಟ್ಟೆ ಮೇಲೆ ಚುಚ್ಚಿ ಚುಚ್ಚಿ ಗಂಟಾಗಿದೆ. ವಾಟ್ಸಾಪಿನಲ್ಲಿ 'ನೋವಿಲ್ಲದ ಇನ್ಸುಲಿನ್ ಪ್ಯಾಚ್' ಜಾಹೀರಾತು ಬಂದಿದೆ. ತರಿಸಲಾ?
(ದಾವಣಗೆರೆಯ ನಿವೃತ್ತ ನೌಕರರು)

ತರಿಸಬೇಡಿ ಸರ್. ಕರಗುವ ಸೂಜಿಯ ಇನ್ಸುಲಿನ್ ಪಟ್ಟಿ ಇನ್ನೂ ಅಂಗಡಿಗೆ ಬಂದಿಲ್ಲ. ಮೈಗೆ ಅಂಟಿಸಿಕೊಳ್ಳುವ ಇನ್ಸುಲಿನ್ ಪಂಪ್ ಅಂತ ಒಂದಿದೆ, ಅದು ಬೇರೆ. ಅದರಲ್ಲಿ ಸಣ್ಣ ನಳಿಗೆ ಚರ್ಮದ ಕೆಳಗೆ ಕೂತಿರುತ್ತದೆ, ಬೆಲೆಯೂ ಜಾಸ್ತಿ. ವಾಟ್ಸಾಪಿನವರು ಕಳಿಸುವುದು ಇವೆರಡೂ ಆಗಿರುವುದಿಲ್ಲ. ನಿಕೋಟಿನ್ ಪಟ್ಟಿಯ ಹಾಗೆ ಸುಮ್ನೆ ಅಂಟಿಸಿದರೆ ಇನ್ಸುಲಿನ್ ಒಳಗೆ ಹೋಗುವುದೇ ಇಲ್ಲ. ಚರ್ಮ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುವನ್ನು ಬಿಟ್ಟುಕೊಳ್ಳುವುದಿಲ್ಲ. ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ. ಇನ್ಸುಲಿನ್ 5800. ಬಾಗಿಲ ಸಂದಿಯಲ್ಲಿ ಎಮ್ಮೆ ನುಗ್ಗಿಸಿದ ಹಾಗೆ.

ಸೂಜಿ ಪಟ್ಟಿಯಲ್ಲಾದರೆ? ಲೆಕ್ಕ ಹಾಕೋಣ. ಒಂದು ಯೂನಿಟ್ ಇನ್ಸುಲಿನ್ ಅಂದರೆ ಸುಮಾರು 0.035 ಮಿಲಿಗ್ರಾಂ. ನಿಮ್ಮ ದಿನದ 40 ಯೂನಿಟ್ಟಿಗೆ 1.4 ಮಿಲಿಗ್ರಾಂ. ಪಟ್ಟಿಗೆ ಒಂದು ಮಿಲಿಗ್ರಾಂ ಆಸುಪಾಸು ಹಿಡಿಯುತ್ತದೆ ಅಂದೆನಲ್ಲ. ಅಂದರೆ ಒಂದೆರಡು ಪಟ್ಟಿಯಲ್ಲಿ ಮದ್ದೇನೋ ತುಂಬಬಹುದು. ನಾನು ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೇ ಆಶ್ಚರ್ಯ ಆಗಿತ್ತು. ಆದರೆ ನೂರು ಸೂಜಿಯಲ್ಲಿ ಹತ್ತು ಸರಿಯಾಗಿ ಇಳಿಯಲಿಲ್ಲ ಅಂದುಕೊಳ್ಳಿ. ಲಸಿಕೆಯಲ್ಲಾದರೆ ನಡೆದೀತು. ಇನ್ಸುಲಿನ್‌ನಲ್ಲಿ ಬೆಳಗಿನ 24ರ ಬದಲು 21-22 ಯೂನಿಟ್ ಹೋದಂತಾಯಿತು. ನಾಳೆ ಎಲ್ಲವೂ ಇಳಿದರೆ 24. ಈ ಜೋಕಾಲಿ ಆಟ ಶುಗರ್ ಇರುವವರಿಗೆ ಆಗಿಬರುವುದಿಲ್ಲ.

ಇದಕ್ಕೊಂದು ಜಾಣತನದ ದಾರಿ ಹುಡುಕುತ್ತಿರುವವರು ಝೆನ್ ಗು ಅನ್ನುವ ವಿಜ್ಞಾನಿ. ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಪಾಲಿಮರ್ ಸಡಿಲಾಗಿ ಇನ್ಸುಲಿನ್ ಬಿಡಬೇಕು, ಇಳಿದಾಗ ಹಿಡಿದುಕೊಳ್ಳಬೇಕು. 2015ರಲ್ಲಿ ಇಲಿಗಳಲ್ಲಿ, 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಂದಿಗಳಲ್ಲಿ ತೋರಿಸಿದರು. ನಾಣ್ಯದಷ್ಟು ಪಟ್ಟಿ ಸುಮಾರು 20 ಗಂಟೆ ಸಕ್ಕರೆಯನ್ನು ಹಿಡಿತದಲ್ಲಿಟ್ಟಿತ್ತು. ಹಂದಿಯ ಚರ್ಮ ನಮ್ಮದಕ್ಕೆ ಹತ್ತಿರ, ಆದರೂ ಹಂದಿ ಹಂದಿಯೇ. ಅಂದಹಾಗೆ, ಸಿಸ್ಟರಿಗೆ ಹೇಳಿದ ಆ ಲ್ಯಾಂಗರ್‌ಹಾನ್ಸ್ ಮರುವರ್ಷ, 1869ರಲ್ಲಿ, ಮೇದೋಜೀರಕದಲ್ಲಿ ಕೋಶಗಳ ಗುಂಪುಗಳನ್ನೂ ಕಂಡ. ಇನ್ಸುಲಿನ್ ಹುಟ್ಟುವುದು ಅಲ್ಲೇ. ಚರ್ಮದ್ದೂ ಇನ್ಸುಲಿನ್ನಿನದ್ದೂ ಎರಡೂ ಒಬ್ಬನ ಹೆಸರಲ್ಲೇ ಇವೆ.

ನಿಮ್ಮ ಗಂಟಿನ ವಿಷಯ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದೀರಿ ಅನಿಸುತ್ತದೆ. ಗಂಟಿನೊಳಗೆ ಹಾಕಿದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ತಡವಾಗಿ ಹತ್ತುತ್ತದೆ. ಡಾಕ್ಟರಿಗೆ ತೋರಿಸಿ, ಜಾಗ ಬದಲಿಸುವುದು ಹೇಗೆ ಕೇಳಿ. ಪೆನ್ನಿಗೆ 4 ಮಿಲಿಮೀಟರಿನ ಸೂಜಿ ಸಿಗುತ್ತದೆ, ಅದು ಆಗುತ್ತದಾ ಅಂತಲೂ ಕೇಳಿ. ಗಂಟು ಬಿಟ್ಟು ಬೇರೆ ಕಡೆ ಹಾಕಲು ಶುರು ಮಾಡಿದಾಗ ಡೋಸ್ ಕಮ್ಮಿ ಮಾಡಬೇಕಾಗಬಹುದು, ಹಾಗಾಗಿ ಅವರನ್ನು ಕೇಳದೆ ಬದಲಿಸಬೇಡಿ.

ಪ್ರಶ್ನೆ: ಬ್ಯೂಟಿ ಪಾರ್ಲರಿನಲ್ಲಿ ಮುಖಕ್ಕೆ ಮುಳ್ಳಿನ ರೋಲರ್ ಉರುಳಿಸಿ ಸೀರಮ್ ಹಚ್ಚುತ್ತಾರೆ. ಅದೂ ಇದೇ ಅಲ್ವಾ?
(ಬೆಂಗಳೂರಿನ ಯುವತಿ)

ಅಲ್ಲ. ಅದು ಲೋಹದ ಮುಳ್ಳು. ಮದ್ದು ಹೊರುವುದಿಲ್ಲ, ಕರಗುವುದಿಲ್ಲ, ಬರೀ ತೂತು ಮಾಡುತ್ತದೆ. ತೂತು ಮಾಡಿದ ಚರ್ಮಕ್ಕೆ ಮೇಲೆ ಹಚ್ಚಲೆಂದೇ ಮಾಡಿದ ಸೀರಮ್ ಇಳಿಸಿದರೆ ಗಂಟು ಏಳಬಹುದು. ನಿಮಗಿಂತ ಮೊದಲು ಕೂತವಳ ಮುಖದ ಮೇಲೆ ಉರುಳಿದ ರೋಲರ್ ನಿಮಗೂ ಬಂದರೆ ಹೆಪಟೈಟಿಸ್ ಬಿ ಕೂಡ ಬರಬಹುದು. ನನ್ನ ಅಣ್ಣನ ಮಗಳು ಮದುವೆಗೆ ವಾರ ಇರುವಾಗ ಹೀಗೇ ಒಂದು ಪಾರ್ಲರಿಗೆ ಹೋಗಿ, ಆರತಕ್ಷತೆಯ ಅಷ್ಟೂ ಫೋಟೋದಲ್ಲಿ ಕೆಂಪು ಮುಖ ಹೊತ್ತು ಕೂತಿದ್ದಾಳೆ. ಮಾಡಿಸಲೇಬೇಕಿದ್ದರೆ ಚರ್ಮದ ಡಾಕ್ಟರ ಹತ್ತಿರ, ಹೊಸ ಮುಳ್ಳಿನಲ್ಲಿ. ಕಣ್ಣಿನ ಕೆಳಗೆ ಅಂಟಿಸುವ, ಹಯಲುರಾನಿಕ್ ಆಮ್ಲದ ಕರಗುವ ಸೂಜಿ ಪಟ್ಟಿಗಳು ಜಪಾನ್, ಕೊರಿಯಾದಿಂದ ಬರುತ್ತವೆ. ಅವು ಮಾತ್ರ ನಿಜವಾಗಿ ಈ ಜಾತಿಯವು. ಮದ್ದಿಗಿಂತ ಮೊದಲು ಸೌಂದರ್ಯದ ಪೆಟ್ಟಿಗೆಗೆ ಬಂದುಬಿಟ್ಟವು ನೋಡಿ.

ಪ್ರಶ್ನೆ: ಅಪ್ಪನಿಗೆ ಶುಗರ್‌ನಿಂದ ಕಣ್ಣಿನ ಪರದೆ ಊದಿದೆ. ತಿಂಗಳಿಗೊಂದು ಇಂಜೆಕ್ಷನ್ ಕಣ್ಣಿಗೇ ಕೊಡುತ್ತಾರೆ. ಪಾಪ, ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ. ಈ ಸೂಜಿ ಚರ್ಮಕ್ಕೆ ಮಾತ್ರವಾ, ಕಣ್ಣಿಗೂ ಇದೆಯಾ?
(ಧಾರವಾಡದಿಂದ)

ಕಣ್ಣಿಗೆ ಒಂದು ಕಿರುಸೂಜಿ ಆಗಲೇ ಬಂದಿದೆ. ಆದರೆ ಅದು ಲೋಹದ್ದು, ಟೊಳ್ಳು. ಉದ್ದ 0.9 ಅಥವಾ 1.1 ಮಿಲಿಮೀಟರ್, ಅಷ್ಟೇ. ಕಣ್ಣುಗುಡ್ಡೆಯ ಬಿಳಿ ಗೋಡೆಯನ್ನು ದಾಟಿ, ಅದರ ಒಳಪದರ ಮುಟ್ಟುವ ಮೊದಲೇ ನಿಲ್ಲುತ್ತದೆ. ನಡುವಿನ ಆ ಸಂದಿಯಲ್ಲಿ ಮದ್ದು ಹರಡಿಕೊಂಡು ಹಿಂದಿನ ಪರದೆಗೆ ಹತ್ತಿರ ಹೋಗುತ್ತದೆ. 2021ರ ಅಕ್ಟೋಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದು ಕಣ್ಣೊಳಗಿನ ಉರಿಯೂತದಿಂದ ಪರದೆ ಊದಿದವರಿಗೆ, ಒಂದು ಸ್ಟೀರಾಯ್ಡ್ ಮದ್ದು ಕೊಡಲು. ನಿಮ್ಮ ತಂದೆಯವರದು ಬೇರೆ ಕಾರಣ, ಮದ್ದೂ ಬೇರೆ. ಈಗಿನ ಇಂಜೆಕ್ಷನ್ ತಪ್ಪಿಸಬೇಡಿ.

ಪಾಲಿಮರಿನದು ಇನ್ನೂ ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲಿದೆ. 2018ರಲ್ಲಿ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದವರು ಕಾಂಟ್ಯಾಕ್ಟ್ ಲೆನ್ಸಿನಂಥ ಪಟ್ಟಿ ಮಾಡಿದರು. ಸ್ವಲ್ಪ ಹೊತ್ತು ಒತ್ತಿ ತೆಗೆದರೆ ಸೂಜಿ ಮಾತ್ರ ಕಳಚಿಕೊಂಡು ಕಣ್ಣಿನ ಮುಂಭಾಗದಲ್ಲಿ ಉಳಿಯುತ್ತದೆ. ಪ್ರತಿ ಸೂಜಿಗೂ ಎರಡು ಪದರ. ಒಂದು ಪದರ ಬೇಗ ಕರಗಿ ಒಂದು ಮದ್ದು ಬಿಡುತ್ತದೆ, ಇನ್ನೊಂದು ಪದರ ನಿಧಾನಕ್ಕೆ ಬೇರೊಂದನ್ನು. ಕಣ್ಣಿಗೆ ಡ್ರಾಪ್ಸ್ ಹಾಕಿದಾಗ ಎಷ್ಟೋ ಪಾಲು ಕೆನ್ನೆ ಮೇಲೆ ಹರಿದುಹೋಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಚರ್ಮ, ಕಣ್ಣು ಬಿಟ್ಟು ಬೇರೆ ಕಡೆಯೂ ಪ್ರಯೋಗ ನಡೆದಿದೆ. ನನಗೆ ಬಹಳ ಇಷ್ಟವಾದದ್ದು ಬಾಸ್ಟನ್ನಿನ ಜೆಫ್ರಿ ಕಾರ್ಪ್ ತಂಡದ 2013ರ ಸೂಜಿ. ಮೀನಿನ ಕರುಳಿನಲ್ಲಿ ಒಂದು ಹುಳ ಇರುತ್ತದೆ. ಅದು ತನ್ನ ಚೂಪು ಮೂತಿಯನ್ನು ಕರುಳಿನ ಗೋಡೆಗೆ ಚುಚ್ಚಿ, ಒಳಗೆ ಹೋದ ಮೇಲೆ ಮೂತಿ ಊದಿಸಿಕೊಂಡು ಭದ್ರವಾಗಿ ಕೂರುತ್ತದೆ. ಎಳೆದರೂ ಬರುವುದಿಲ್ಲ. ಇವರ ಸೂಜಿಯ ತುದಿಯೂ ಹಾಗೆಯೇ, ನೀರು ಕುಡಿದು ಊದುತ್ತದೆ. ಕಸಿ ಮಾಡಿದ ಚರ್ಮವನ್ನು ಹಿಡಿದಿಡುವುದರಲ್ಲಿ ಸ್ಟೇಪಲ್ ಪಿನ್ನುಗಳಿಗಿಂತ ಮೂರೂವರೆ ಪಟ್ಟು ಗಟ್ಟಿ. ಹೊಟ್ಟೆಹುಳವನ್ನು ಗುರು ಮಾಡಿಕೊಂಡವರು ಇವರೊಬ್ಬರೇ ಇರಬೇಕು!

ಪ್ರಶ್ನೆ: ರೇಷ್ಮೆಯಿಂದಲೂ ಸೂಜಿ ಮಾಡುತ್ತಾರಂತೆ, ನಿಜವಾ? ಗೂಡಿಗೆ ರೇಟು ಬರುತ್ತದಾ ಅಕ್ಕಾ?
(ರಾಮನಗರ ಕಡೆಯ ರೇಷ್ಮೆ ಬೆಳೆಗಾರರು)

ನಿಜ. ಗೂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಉಳಿಯುವ ನೂಲು ಫೈಬ್ರಾಯಿನ್ ಅನ್ನುವ ಪ್ರೋಟೀನ್. ಅದನ್ನು ಲಿಥಿಯಂ ಬ್ರೋಮೈಡ್ ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಉಪ್ಪು ತೆಗೆದು, ಅಚ್ಚಿಗೆ ಹೊಯ್ದರೆ ಸೂಜಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಇದರಲ್ಲಿ ಪಳಗಿದವರು. ರೇಷ್ಮೆ ಗಟ್ಟಿ, ಮೈಗೆ ಒಗ್ಗುತ್ತದೆ, ಲಸಿಕೆಯನ್ನು ಬಿಸಿಯಿಂದ ಕಾಯುತ್ತದೆ, ಬೇಕೆಂದರೆ ನಿಧಾನಕ್ಕೆ ಕರಗುತ್ತದೆ. ಹೊಲಿಗೆ ದಾರವಾಗಿ ಆಸ್ಪತ್ರೆಗಳಲ್ಲಿ ಯಾವ ಕಾಲದಿಂದಲೋ ಇದೆಯಲ್ಲ.

ರೇಟಿನ ಮಾತು ಮಾತ್ರ ನಿರಾಸೆ ಅಣ್ಣಾ. ಒಂದು ಪಟ್ಟಿಯ ಸೂಜಿಗಳಿಗೆ ಬೇಕಾಗುವುದು ಕೆಲವೇ ಮಿಲಿಗ್ರಾಂ ರೇಷ್ಮೆ. ಒಂದು ಸೀರೆಗೆ ಹೋಗುವ ನೂಲಿನಲ್ಲಿ ಒಂದಿಡೀ ತಾಲ್ಲೂಕಿನ ಮಕ್ಕಳಿಗೆ ಪಟ್ಟಿ ಮಾಡಬಹುದು. ನಿಮ್ಮ ಗೂಡಿಗೆ ಸೀರೆಯೇ ಗಿರಾಕಿ.

ಪ್ರಶ್ನೆ: ಸೂಜಿಯಲ್ಲಿ ಸಕ್ಕರೆ ಇದೆ ಅಂತ ಬರೆದಿದ್ದೀರಿ. ಹಾಗಾದರೆ ಚುಚ್ಚಿಕೊಳ್ಳುವ ಬದಲು ತಿಂದರೆ ಏನಾಗುತ್ತೆ?
(ಸಾಗರದ ಆರನೇ ಕ್ಲಾಸಿನ ಹುಡುಗ)

ಮರಿ, ಇಷ್ಟೂ ಕಾಗದದಲ್ಲಿ ನಿನ್ನದೇ ಒಳ್ಳೆಯ ಪ್ರಶ್ನೆ. ತಿಂದರೆ ಸಕ್ಕರೆ ಕರಗುತ್ತದೆ. ಒಳಗಿರುವ ಇನ್ಸುಲಿನ್ ಪ್ರೋಟೀನಿನ ಜಾತಿಯದು. ನಿನ್ನ ಹೊಟ್ಟೆ ಅದನ್ನು ಬೇಳೆಯ ಹಾಗೆ ಜೀರ್ಣ ಮಾಡಿಬಿಡುತ್ತದೆ. ನಿನಗೆ ಊಟ ಆಗುತ್ತದೆ, ಮದ್ದು ಆಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವುದು ಇದಕ್ಕೇ.

ಆದರೆ ನಿನ್ನ ಹಾಗೇ ಯೋಚನೆ ಮಾಡಿದವರು ಇದ್ದಾರೆ. ಅಮೆರಿಕದ ಎಂಐಟಿಯಲ್ಲಿ ಜಿಯೊವಾನಿ ಟ್ರಾವರ್ಸೊ, ರಾಬರ್ಟ್ ಲ್ಯಾಂಗರ್ ಮತ್ತು ಜೊತೆಯವರು 2019ರಲ್ಲಿ ನುಂಗುವ ಸೂಜಿ ಮಾಡಿದರು. ಹೊರಗಿನಿಂದ ನೋಡಿದರೆ ದೊಡ್ಡ ಕ್ಯಾಪ್ಸೂಲ್, ಮೂರು ಸೆಂಟಿಮೀಟರ್ ಉದ್ದ. ಹೊಟ್ಟೆಯ ಆಮ್ಲಕ್ಕೆ ಬಾಯಿ ಬಿಡುವುದಿಲ್ಲ. ಸಣ್ಣ ಕರುಳಿಗೆ ಹೋದ ಮೇಲೆ ಹೊದಿಕೆ ಕರಗುತ್ತದೆ, ಒಳಗಿನ ಸ್ಪ್ರಿಂಗ್ ಚಿಮ್ಮುತ್ತದೆ, ಮಡಿಸಿದ ಛತ್ರಿಯ ಹಾಗೆ ಮೂರು ತೋಳು ಬಿಚ್ಚಿಕೊಳ್ಳುತ್ತವೆ. ತೋಳಿನ ತುದಿಯಲ್ಲಿ ಒಂದು ಮಿಲಿಮೀಟರಿನ ಕರಗುವ ಸೂಜಿಗಳು. ಕರುಳಿನ ಗೋಡೆಗೆ ಒತ್ತಿ ಮದ್ದು ಕೊಡುತ್ತವೆ. ಕರುಳಿಗೆ ಚುಚ್ಚಿದ್ದು ನೋವಾಗುವುದಿಲ್ಲ, ಅಲ್ಲಿ ಅಂಥ ನರಗಳಿಲ್ಲ. ಆಮೇಲೆ ತೋಳುಗಳೂ ಕರಗಿ ಚೂರಾಗಿ, ಎಲ್ಲರಿಗೂ ಗೊತ್ತಿರುವ ದಾರಿಯಲ್ಲಿ ಹೊರಗೆ ಹೋಗುತ್ತವೆ. ಹಂದಿಗಳಿಗೆ ಇನ್ಸುಲಿನ್ ಹೀಗೆ ಕೊಟ್ಟು ನೋಡಿದ್ದಾರೆ. ಒಂದಿಂಚಿಗಿಂತ ದೊಡ್ಡ ಮಾತ್ರೆಯನ್ನು ಹಂದಿಗೆ ಯಾರು ನುಂಗಿಸಿದರೋ ಅಂತ ನನಗೆ ಯೋಚನೆ.

ಪಟ್ಟಿ ತಿನ್ನಬೇಡ. ಸಕ್ಕರೆ ಅಚ್ಚು ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕು. ಈ ಸಲ ಗಿಳಿ ಚೆನ್ನಾಗಿ ಬಂದಿದೆ, ಕೊಕ್ಕು ಸಮೇತ.